ಬಾರದೇ ಹೋದ ಮಹಾಮಾರಿಗಳು

2025ರ ಜನವರಿ 6, ಸೋಮವಾರ. ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಿಗೆ ನೆಗಡಿ, ಕೆಮ್ಮು ತರುವ ಎಚ್‌ಎಂಪಿವಿ ಎಂಬ ವೈರಸ್ಸಿನ ಸೋಂಕು ತಗುಲಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಟಿಸಿತು. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು. ಅಷ್ಟರಲ್ಲಾಗಲೇ ಚೀನಾದ ಆಸ್ಪತ್ರೆಗಳಲ್ಲಿ ಜನ ಕಿಕ್ಕಿರಿದಿರುವ ವಿಡಿಯೊಗಳು ವಾಟ್ಸ್‌ಆ್ಯಪ್ ತುಂಬಾ ಓಡಾಡುತ್ತಿದ್ದವು. ಟಿವಿಯವರಿಗೆ ಇಷ್ಟು ಸಾಕಾಯಿತು. ಆ ದಿನ ಸೆನ್ಸೆಕ್ಸ್ 1,200 ಅಂಶಕ್ಕಿಂತ ಜಾಸ್ತಿ ಬಿತ್ತು. ಬೀಳಲು ಬೇರೆ ಕಾರಣಗಳೂ ಇದ್ದವು. ಆದರೆ ಜನರ ಬಾಯಲ್ಲಿ ಇದ್ದದ್ದು ಆ ಎರಡು ಕೂಸುಗಳ ಮಾತೇ. ಮತ್ತೆ ಲಾಕ್‌ಡೌನ್ ಆಗುತ್ತಾ, ಶಾಲೆ ಮುಚ್ತಾರಾ, ಊರಿಗೆ ಹೋಗಿಬಿಡೋಣವಾ?

ಎಚ್‌ಎಂಪಿವಿ ಹೊಸ ವೈರಸ್ ಅಲ್ಲ. 2001ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದರು. ಅದಕ್ಕೂ ಎಷ್ಟೋ ದಶಕ ಮೊದಲಿಂದ ಅದು ಮನುಷ್ಯರಲ್ಲಿ ಇತ್ತು. ಐದು ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಿಗೆ ಒಮ್ಮೆ ಬಂದು ಹೋಗಿರುತ್ತದೆ. ಆ ಕೂಸುಗಳು ವಿದೇಶಕ್ಕೆ ಹೋದವೂ ಅಲ್ಲ. ಉಸಿರಾಟದ ಕಾಯಿಲೆಗಳ ಮೇಲೆ ಐಸಿಎಂಆರ್ ವರ್ಷಪೂರ್ತಿ ಇಡುವ ಕಣ್ಗಾವಲಿನಲ್ಲಿ ಅವು ಸಿಕ್ಕವು, ಅಷ್ಟೇ. ಅಂದರೆ ನಮ್ಮ ಪತ್ತೆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂಬ ಒಳ್ಳೆಯ ಸುದ್ದಿಯನ್ನು ನಾವು ಕೆಟ್ಟ ಸುದ್ದಿಯಾಗಿ ಓದಿಕೊಂಡೆವು.

ಒಂದೆರಡು ವಾರ ಕಳೆದ ಮೇಲೆ ಗಾಬರಿ ತಾನಾಗಿ ಇಳಿಯಿತು. ಆಗ ಇನ್ನೊಂದು ಮಾತು ಶುರುವಾಯಿತು: ‘ನೋಡಿದ್ರಾ, ಸುಮ್ನೆ ಹೆದರಿಸಿದ್ರು.’ ನನಗೆ ಗಾಬರಿಗಿಂತ ಈ ಮಾತಿನ ಮೇಲೇ ಅನುಮಾನ ಜಾಸ್ತಿ. ಕಾಯಿಲೆಯೊಂದು ಬರುತ್ತದೆ ಎಂದು ಹೆದರಿ, ಅದು ಬಾರದೇ ಹೋದಾಗ ನಾವು ಏನು ಮಾಡುತ್ತೇವೆ? ಮುಂದಿನ ಮಹಾಮಾರಿಗೆ ನಾವು ಎಷ್ಟು ಸಿದ್ಧ ಎನ್ನುವುದು ಹೆಚ್ಚುಕಡಿಮೆ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಇದಕ್ಕೆ ಅಮೆರಿಕದ ಐವತ್ತು ವರ್ಷ ಹಳೆಯ ಕಥೆಯೊಂದಿದೆ.

1976ರ ಫೆಬ್ರವರಿ. ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಎಂಬ ಸೇನಾ ಶಿಬಿರದಲ್ಲಿ ಹೊಸದಾಗಿ ಸೇರಿದ್ದ ಯುವಕನೊಬ್ಬ ಜ್ವರವಿದ್ದರೂ ಉಳಿದವರ ಜೊತೆ ರಾತ್ರಿ ನಡಿಗೆಗೆ ಹೋದ. ಕುಸಿದು ಬಿದ್ದ, ಸತ್ತ. ಅವನಲ್ಲಿ ಸಿಕ್ಕಿದ್ದು ಹಂದಿಗಳಲ್ಲಿ ಇರುವಂಥ ಫ್ಲೂ ವೈರಸ್. ಶಿಬಿರದಲ್ಲಿ ಹುಡುಕಿದಾಗ ಒಟ್ಟು 13 ಜನಕ್ಕೆ ಇದೇ ಕಾಯಿಲೆ ಬಂದಿದ್ದು ಖಚಿತವಾಯಿತು. ರಕ್ತ ಪರೀಕ್ಷೆ ಮಾಡಿ ಲೆಕ್ಕ ಹಾಕಿದರೆ ಸುಮಾರು 230 ಸೈನಿಕರಿಗೆ ಸೋಂಕು ತಾಗಿ ಹೋಗಿತ್ತು. ಅಂದರೆ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆ. ಅದೂ 1918ರ ಫ್ಲೂ ವೈರಸ್ಸಿನ ಹತ್ತಿರದ ನೆಂಟ.

1918 ಅಂದರೆ ಏನು ಎಂದು ನಮಗೂ ಗೊತ್ತಿರಬೇಕು. ಆ ಫ್ಲೂಗೆ ಭಾರತದಲ್ಲೇ ಸತ್ತವರು ಕಡಿಮೆ ಎಂದರೂ ಒಂದು ಕೋಟಿಗಿಂತ ಹೆಚ್ಚು. ಬೇರೆ ಯಾವ ದೇಶದಲ್ಲೂ ಇಷ್ಟು ಜನ ಸತ್ತಿರಲಿಲ್ಲ. ಹಾಗಾಗಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಮುಖ್ಯಸ್ಥ ಡೇವಿಡ್ ಸೆನ್ಸರ್ ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಅವರ ಮುಂದೆ ಇನ್ನೊಂದು ಲೆಕ್ಕವೂ ಇತ್ತು. ಫ್ಲೂ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಬೇಕು, ತಿಂಗಳುಗಟ್ಟಲೆ ಬೇಕು. ಚಳಿಗಾಲದ ಫ್ಲೂ ಕಾಲಕ್ಕೆ ಲಸಿಕೆ ಕೈಯಲ್ಲಿರಬೇಕು ಎಂದರೆ ಮಾರ್ಚ್‌ನಲ್ಲೇ ತೀರ್ಮಾನ ಆಗಬೇಕು. ಕಾದು ನೋಡಲು ಸಮಯವಿಲ್ಲ. ದೇಶದ ಎಲ್ಲರಿಗೂ ಲಸಿಕೆ ಹಾಕೋಣ ಎಂದು ಸೆನ್ಸರ್ ಬರೆದುಕೊಟ್ಟರು. ಮಾರ್ಚ್ 24ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದನ್ನು ಘೋಷಿಸಿದರು. ಪೋಲಿಯೊ ಲಸಿಕೆ ಕಂಡುಹಿಡಿದ ಸಾಲ್ಕ್ ಮತ್ತು ಸೇಬಿನ್ ಇಬ್ಬರನ್ನೂ ಜೊತೆಗೆ ನಿಲ್ಲಿಸಿಕೊಂಡಿದ್ದರು. ಇವರಿಬ್ಬರೂ ಒಬ್ಬರನ್ನೊಬ್ಬರು ಕಂಡರೆ ಆಗದವರು. ಅವರೇ ಒಪ್ಪಿದ್ದಾರೆ ಎಂದ ಮೇಲೆ ಇನ್ಯಾರು ಮಾತಾಡುತ್ತಾರೆ? ಅದು ಚುನಾವಣೆಯ ವರ್ಷ ಬೇರೆ.

ಮುಂದೆ ಆಗಿದ್ದು ಒಂದು ತಮಾಷೆ, ಸ್ವಲ್ಪ ದುರಂತವೂ ಹೌದು. ಏಪ್ರಿಲ್ ಕಳೆಯಿತು, ಬೇಸಿಗೆ ಕಳೆಯಿತು. ಫೋರ್ಟ್ ಡಿಕ್ಸ್ ಬೇಲಿಯಿಂದ ಆಚೆಗೆ ಆ ವೈರಸ್ ಹರಡಲೇ ಇಲ್ಲ. ಲಸಿಕೆಯಿಂದ ಏನಾದರೂ ಆದರೆ ಪರಿಹಾರ ಕೊಡುವ ಜವಾಬ್ದಾರಿ ನಮಗೆ ಬೇಡ ಎಂದು ವಿಮಾ ಕಂಪನಿಗಳು ಕೈ ಎತ್ತಿದವು. ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರು ನ್ಯುಮೋನಿಯಾದಿಂದ ಸಾಯತೊಡಗಿದಾಗ, ಇದೇ ಆ ಹಂದಿ ಫ್ಲೂ ಇರಬೇಕು ಎಂದು ಎಲ್ಲರೂ ಬೆಚ್ಚಿದರು. ಅದು ಬೇರೆಯೇ ಬ್ಯಾಕ್ಟೀರಿಯಾ ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಹೆದರಿಕೆಯಲ್ಲೇ ಆಗಸ್ಟ್‌ನಲ್ಲಿ ಪರಿಹಾರದ ಹೊಣೆಯನ್ನು ಸರ್ಕಾರ ಹೊರುವ ಕಾನೂನು ಪಾಸಾಯಿತು. ಅಕ್ಟೋಬರ್ 1ಕ್ಕೆ ಚುಚ್ಚುಮದ್ದು ಶುರು. ಹತ್ತೇ ದಿನದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಸಿಕೆ ಹಾಕಿಸಿಕೊಂಡ ಮೂವರು ವೃದ್ಧರು ತೀರಿಕೊಂಡರು. ಆ ವಯಸ್ಸಿನವರಿಗೆ ಲಕ್ಷಗಟ್ಟಲೆ ಚುಚ್ಚುವಾಗ ಅದೇ ದಿನ ಕೆಲವರು ಹೃದಯಾಘಾತದಿಂದ ಸಾಯುವುದು ಲೆಕ್ಕದ ಪ್ರಕಾರ ಆಗಲೇಬೇಕು. ಇದನ್ನು ಯಾರೂ ಜನರಿಗೆ ಮೊದಲೇ ಹೇಳಿರಲಿಲ್ಲ. ಎಷ್ಟೋ ಕಡೆ ಲಸಿಕೆ ನಿಂತಿತು. ನವೆಂಬರ್ ಹೊತ್ತಿಗೆ ಗಿಲನ್ ಬಾರೆ ಎಂಬ ನರದ ಕಾಯಿಲೆಯ ವರದಿಗಳು ಬಂದವು. ಕೈಕಾಲು ಶಕ್ತಿ ಕಳೆದುಕೊಳ್ಳುವ ಕಾಯಿಲೆ ಅದು. ಲಸಿಕೆ ಪಡೆದ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಇದು ಹೆಚ್ಚುವರಿಯಾಗಿ ಬಂದಿತ್ತು. ನಿಜವಾಗಿ ಮಹಾಮಾರಿ ಬಂದಿದ್ದರೆ ಈ ಅಪಾಯವನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಬಾರದ ಕಾಯಿಲೆಗೆ ಹೋಲಿಸಿದರೆ ಅದು ದೊಡ್ಡ ಅಪಾಯ. ಡಿಸೆಂಬರ್ 16ರಂದು ಎಲ್ಲ ನಿಲ್ಲಿಸಿದರು. ಅಷ್ಟರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಲಸಿಕೆ ಪಡೆದಿದ್ದರು. ಮರುವರ್ಷ ಹೊಸ ಸರ್ಕಾರ ಬಂದ ಕೂಡಲೇ ಸೆನ್ಸರ್ ಕೆಲಸ ಹೋಯಿತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ವಿಜ್ಞಾನಿಗಳು ಎಷ್ಟು ಬೇಗ ಹೆದರುತ್ತಾರೆ ನೋಡಿ ಎನ್ನುತ್ತಾರೆ. ನನಗೆ ಕಾಣುವ ಪಾಠ ಬೇರೆ. ಎಚ್ಚರಿಕೆ ಕೊಟ್ಟಿದ್ದು ಸರಿಯೇ ಇತ್ತು. ತಪ್ಪಿದ್ದು ಎಚ್ಚರಿಕೆಗೂ ಕ್ರಮಕ್ಕೂ ನಡುವೆ ಮೆಟ್ಟಿಲುಗಳೇ ಇಲ್ಲದ್ದು. ಲಸಿಕೆ ತಯಾರಿಸುವುದು ಒಂದು ತೀರ್ಮಾನ, ಅದನ್ನು ಜನರಿಗೆ ಚುಚ್ಚುವುದು ಇನ್ನೊಂದು. ಮಾರ್ಚ್‌ನಲ್ಲಿ ಮೊದಲನೆಯದು ಸಾಕಿತ್ತು. ಎರಡನೆಯದನ್ನು ಆಗಸ್ಟ್‌ಗೋ ಸೆಪ್ಟೆಂಬರ್‌ಗೋ ನೋಡಿ ತೀರ್ಮಾನಿಸಬಹುದಿತ್ತು. ಸ್ವತಃ ಸೇಬಿನ್ ಮುಂದೆ ಮನಸ್ಸು ಬದಲಾಯಿಸಿ ಇದನ್ನೇ ಹೇಳಿದರು: ಲಸಿಕೆ ದಾಸ್ತಾನು ಮಾಡಿಡಿ, ಕಾಯಿಲೆ ಕಂಡರೆ ಹಾಕಿ. ಆದರೆ ಎರಡನ್ನೂ ಒಂದೇ ಕಡತದಲ್ಲಿ ಕಟ್ಟಿ ಅಧ್ಯಕ್ಷರ ಸಹಿ ಹಾಕಿಸಿದ್ದರಿಂದ ಹಿಂದಕ್ಕೆ ಬರಲು ದಾರಿಯೇ ಇರಲಿಲ್ಲ. ‘ಇಂಥ ದಿನ ಮತ್ತೆ ಕೂತು ನೋಡೋಣ, ಆಗಲೂ ಕೇಸು ಇಲ್ಲದಿದ್ದರೆ ಇಂತಿಂಥದ್ದು ನಿಲ್ಲಿಸೋಣ’ ಎಂಬ ಒಂದು ಸಾಲು ಆ ಯೋಜನೆಯಲ್ಲಿ ಇರಲಿಲ್ಲ. ಮಹಾಮಾರಿ ಬರುವ ಸಾಧ್ಯತೆ ಎಷ್ಟು ಎಂದು ಅಂಕಿಯಲ್ಲಿ ಹೇಳುವ ಧೈರ್ಯವನ್ನೂ ಯಾರೂ ಮಾಡಲಿಲ್ಲ.

ರಾತ್ರಿ ನಾಯಿ ಬೊಗಳಿತು, ಎದ್ದು ನೋಡಿದರೆ ಕಳ್ಳ ಇರಲಿಲ್ಲ. ಅದಕ್ಕೆ ನಾಯಿಗೆ ಹೊಡೆದರೆ ನಾಳೆ ಅದು ಬೊಗಳುವುದಿಲ್ಲ. ಕಾಯಿಲೆಗಳ ವಿಷಯದಲ್ಲಿ ಜಗತ್ತು ಮತ್ತೆ ಮತ್ತೆ ಮಾಡಿದ್ದು ಇದನ್ನೇ.

2009ರ ಎಚ್1ಎನ್1 ಫ್ಲೂ ನೋಡಿ. ಅದಕ್ಕೆ ಮೊದಲಿನ ಐದಾರು ವರ್ಷ ಎಷ್ಟೋ ದೇಶಗಳು ಹಕ್ಕಿಜ್ವರಕ್ಕೆ ಯೋಜನೆ ಬರೆದಿಟ್ಟುಕೊಂಡಿದ್ದವು. ಏಷ್ಯಾದಿಂದ ಬರುತ್ತದೆ, ಕೋಳಿಯಿಂದ ಬರುತ್ತದೆ, ಬಂದರೆ ಘೋರವಾಗಿರುತ್ತದೆ ಎಂಬ ನಂಬಿಕೆ. ಬಂದಿದ್ದು ಮೆಕ್ಸಿಕೊ ಕಡೆಯಿಂದ, ಹಂದಿಯ ವೈರಸ್ಸಿನಿಂದ, ಹೆಚ್ಚಿನವರಿಗೆ ಸೌಮ್ಯವಾಗಿ. ವಿಶ್ವ ಆರೋಗ್ಯ ಸಂಸ್ಥೆ ಜೂನ್ 11ರಂದು ಮಹಾಮಾರಿ ಎಂದು ಘೋಷಿಸಿತು. ಭಾರತದಲ್ಲಿ ಮೊದಲ ಸಾವು ಆಗಸ್ಟ್‌ನಲ್ಲಿ ಪುಣೆಯಲ್ಲಿ ಆಯಿತು. ಆಗ ನಮ್ಮ ಬೆಂಗಳೂರಿನಲ್ಲೂ ಮಾಸ್ಕ್‌ಗೆ ಜನ ಅಂಗಡಿ ಅಂಗಡಿ ಅಲೆದಿದ್ದು ಹಲವರಿಗೆ ನೆನಪಿರಬಹುದು. ಪ್ರಯೋಗಾಲಯದಲ್ಲಿ ಖಚಿತವಾದ ಸಾವುಗಳು ಜಗತ್ತಿನಲ್ಲೆಲ್ಲ ಸೇರಿ ಸುಮಾರು 18,500. ನಿಜವಾದ ಸಂಖ್ಯೆ ಒಂದೂವರೆ ಲಕ್ಷದಿಂದ ಐದೂಮುಕ್ಕಾಲು ಲಕ್ಷದ ನಡುವೆ ಇರಬಹುದು ಎಂದು ಮುಂದೆ ಅಂದಾಜು ಬಂತು. ಆದರೂ ಅಂದುಕೊಂಡಷ್ಟು ಆಗಲಿಲ್ಲ ಎಂಬ ಭಾವನೆಯೇ ಉಳಿಯಿತು. ಔಷಧ ಕಂಪನಿಗಳಿಗಾಗಿ ಹೆದರಿಸಿದರು ಎಂದು ಯೂರೋಪಿನಲ್ಲಿ ದೊಡ್ಡ ಗಲಾಟೆಯಾಯಿತು.

ಫ್ರಾನ್ಸ್‌ನಲ್ಲಿ ಆಗಿನ ಆರೋಗ್ಯ ಸಚಿವೆ ರೋಸ್‌ಲಿನ್ ಬಾಶ್ಲೊ 9.4 ಕೋಟಿ ಡೋಸ್ ಲಸಿಕೆಗೆ ಆರ್ಡರ್ ಕೊಟ್ಟಿದ್ದರು. ಹಾಕಿಸಿಕೊಂಡವರು ಅರವತ್ತು ಲಕ್ಷದ ಆಸುಪಾಸು. ವರ್ಷಗಟ್ಟಲೆ ಅವರನ್ನು ಗೇಲಿ ಮಾಡಿದರು. ಅದೇ ಕಾಲದಲ್ಲಿ ಆ ದೇಶ ನೂರು ಕೋಟಿಗೂ ಹೆಚ್ಚು ಮಾಸ್ಕ್ ದಾಸ್ತಾನು ಇಟ್ಟಿತ್ತು. ಆಮೇಲೆ ಬಂದವರಿಗೆ ಇದು ದಂಡದ ಖರ್ಚಾಗಿ ಕಂಡಿತು. ಹಳೆಯವನ್ನು ಬಿಸಾಡಿದರು, ಹೊಸದು ಕೊಳ್ಳಲಿಲ್ಲ. 2020ರಲ್ಲಿ ಕೋವಿಡ್ ಬಾಗಿಲಿಗೆ ಬಂದಾಗ ಸರ್ಕಾರದ ಉಗ್ರಾಣದಲ್ಲಿ ಉಳಿದಿದ್ದು ಸುಮಾರು 11.7 ಕೋಟಿ ಸಾಧಾರಣ ಮಾಸ್ಕ್. ಆಸ್ಪತ್ರೆ ಸಿಬ್ಬಂದಿಗೆ ಬೇಕಾದ ಗಟ್ಟಿ ಮಾಸ್ಕ್‌ಗಳು ಆ ದಾಸ್ತಾನಿನಲ್ಲಿ ಇರಲೇ ಇಲ್ಲ. ನಗೆಪಾಟಲಾದ ಸಚಿವೆಯ ಹೆಸರನ್ನು ಜನ ಆಗ ಬೇರೆ ಧಾಟಿಯಲ್ಲಿ ನೆನೆದರು.

ವಿಶ್ವ ಆರೋಗ್ಯ ಸಂಸ್ಥೆಗೂ ಇದೇ ಪಾಡು. 2009ರಲ್ಲಿ ಬೇಗ ಕೂಗಿತು ಎಂದು ಬೈಸಿಕೊಂಡಿತು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬುತ್ತಿರುವುದು ಮಾರ್ಚ್‌ನಲ್ಲೇ ಗೊತ್ತಿದ್ದರೂ ಜಾಗತಿಕ ತುರ್ತು ಸ್ಥಿತಿ ಘೋಷಿಸಿದ್ದು ಆಗಸ್ಟ್ 8ಕ್ಕೆ. ಆಗ ತಡ ಮಾಡಿತು ಎಂದು ಬೈಸಿಕೊಂಡಿತು. ಮೊದಲ ಬೈಗುಳಕ್ಕೂ ಎರಡನೆಯ ತಡಕ್ಕೂ ಸಂಬಂಧವೇ ಇಲ್ಲ ಎಂದರೆ ನಂಬುವುದು ಕಷ್ಟ.

ಇನ್ನೊಂದು ತೊಂದರೆಯೂ ಇದೆ. ಹೋದ ಸಲದ ಪಾಠವನ್ನು ಜಾಸ್ತಿಯೇ ಕಲಿತುಬಿಡುವುದು. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಕಾಯಿಲೆ 8,096 ಜನಕ್ಕೆ ತಗುಲಿ 774 ಜನರನ್ನು ಕೊಂದಿತು, ಜುಲೈ ಹೊತ್ತಿಗೆ ನಿಂತೇ ಹೋಯಿತು. ಹೇಗೆ ನಿಂತಿತು? ಸಾರ್ಸ್ ಬಂದವರು ಬೇರೆಯವರಿಗೆ ಹೆಚ್ಚು ಹರಡುತ್ತಿದ್ದುದು ಜ್ವರ ಏರಿ ಹಾಸಿಗೆ ಹಿಡಿದ ಮೇಲೆ. ಹಾಗಾಗಿ ಜ್ವರ ಇರುವವರನ್ನು ಹುಡುಕಿ ಬೇರೆ ಇಟ್ಟರೆ ಸರಪಳಿ ತುಂಡಾಗುತ್ತಿತ್ತು. ವಿಯೆಟ್ನಾಂ ಏಪ್ರಿಲ್ ಕೊನೆಯಲ್ಲೇ ಹೀಗೆ ಗೆದ್ದಿತು. ಆ ಕಾಯಿಲೆಯ ಅಪಾಯವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರಾದ ಡಾ. ಕಾರ್ಲೊ ಉರ್ಬಾನಿ ಹನೋಯ್‌ನಲ್ಲಿ ರೋಗಿಗಳನ್ನು ನೋಡಿ, ತಾವೇ ಅದಕ್ಕೆ ಬಲಿಯಾದರು. 2020ರಲ್ಲಿ ಅದೇ ಕುಟುಂಬದ ವೈರಸ್ ಬಂದಾಗ ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಹಣೆಗೆ ಜ್ವರದ ಗನ್ನು ಹಿಡಿದರು. ಕೋವಿಡ್ ಲಕ್ಷಣ ಕಾಣುವ ಮೊದಲೇ ಹರಡುತ್ತಿತ್ತು. ಗನ್ನಿಗೆ ಸಿಗದವರು ನಗುತ್ತಾ ಮನೆಗೆ ಹೋದರು. ಮಾಲ್ ಬಾಗಿಲಲ್ಲಿ ಆ ಗನ್ನು ಎಷ್ಟೋ ತಿಂಗಳು ಉಳಿದಿತ್ತು, ಅಲ್ವಾ? ಬಿಸಿಲಲ್ಲಿ ನಡೆದು ಬಂದವರ ಹಣೆಯನ್ನೂ ‘ನಾರ್ಮಲ್’ ಎನ್ನುತ್ತಾ.

ದಕ್ಷಿಣ ಕೊರಿಯಾ ಮಾತ್ರ ಸರಿಯಾದ ತುದಿ ಹಿಡಿಯಿತು. 2015ರಲ್ಲಿ ಕೊಲ್ಲಿಯಿಂದ ಮರಳಿದ ಒಬ್ಬ ವ್ಯಕ್ತಿ ಮರ್ಸ್ ಎಂಬ ಉಸಿರಾಟದ ಕಾಯಿಲೆ ಹೊತ್ತು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದ. 186 ಜನಕ್ಕೆ ಬಂತು, 38 ಜನ ಸತ್ತರು. ಸರ್ಕಾರ ಮೊದಲು ಆಸ್ಪತ್ರೆಗಳ ಹೆಸರನ್ನು ಮುಚ್ಚಿಟ್ಟು ಜನರಿಂದ ಉಗಿಸಿಕೊಂಡಿತು. ಗಲಾಟೆ ಮುಗಿದ ಮೇಲೆ ಅವರು ಮರ್ಸ್‌ಗೆ ಮಾತ್ರ ತಯಾರಾಗಿ ಕೂರಲಿಲ್ಲ. ತಮ್ಮಲ್ಲಿ ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ಹುಡುಕಿದರು. ಪರೀಕ್ಷಾ ಕಿಟ್ ಸಾಲದೇ ಬಂದಿತ್ತು. ತುರ್ತು ಹೊತ್ತಿನಲ್ಲಿ ಕಿಟ್‌ಗಳಿಗೆ ಬೇಗ ಒಪ್ಪಿಗೆ ಕೊಡಲು ಕಾನೂನು ತಿದ್ದಿದರು. 2020ರ ಜನವರಿ ಕೊನೆಯಲ್ಲಿ ಕಂಪನಿಗಳನ್ನು ಕರೆದು ಕೂರಿಸಿದರು. ಫೆಬ್ರವರಿ 4ಕ್ಕೆ ಮೊದಲ ಕೋವಿಡ್ ಕಿಟ್‌ಗೆ ಒಪ್ಪಿಗೆ ಸಿಕ್ಕಿತು. ಯಾವ ವೈರಸ್ ಬಂದರೂ ಮೊದಲು ಬೇಕಾಗುವುದು ಪರೀಕ್ಷೆ, ಅದಕ್ಕೆ ಅಡ್ಡಿಯಾಗುವುದು ಕಾಗದಪತ್ರ ಎಂದು ಅವರಿಗೆ ಅರ್ಥವಾಗಿತ್ತು.

ನಮ್ಮ ದೇಶದ ಕಥೆಗೆ ಬರೋಣ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಹಬ್ಬಿತು. ಅದಕ್ಕೆ ಮೊದಲು ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಗಡ್ಡೆ ಪ್ಲೇಗ್ ಕಂಡಿತ್ತು. ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಎಂದರು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ರೈಲು, ಬಸ್ಸು, ಲಾರಿ ಹತ್ತಿ ಊರು ಬಿಟ್ಟರು. ಖಾಸಗಿ ವೈದ್ಯರು ಎಷ್ಟೋ ಮಂದಿ ಕ್ಲಿನಿಕ್ ಬಾಗಿಲು ಹಾಕಿ ಅವರ ಜೊತೆಗೇ ಹೋದರು. ಟೆಟ್ರಾಸೈಕ್ಲಿನ್ ಮಾತ್ರೆ ಅಂಗಡಿಗಳಲ್ಲಿ ಖಾಲಿ. ಕೊನೆಗೆ ಸತ್ತವರು ದೇಶದಲ್ಲಿ ಐವತ್ತು ಚಿಲ್ಲರೆ. ಅದು ಪ್ಲೇಗೇ ಹೌದಾ ಅಲ್ಲವಾ ಎಂದು ವಿಜ್ಞಾನಿಗಳೇ ತಿಂಗಳುಗಟ್ಟಲೆ ಕಿತ್ತಾಡಿದರು, ಯಾಕೆಂದರೆ ಮಾದರಿ ತೆಗೆದು ಸರಿಯಾಗಿ ಪರೀಕ್ಷಿಸುವ ಪ್ರಯೋಗಾಲಯಗಳೇ ಕಡಿಮೆ. ಪ್ರಯಾಣಕ್ಕೆ ತಡೆ ಹಾಕುವ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ ಹಲವು ದೇಶಗಳು ಭಾರತದ ವಿಮಾನ ನಿಲ್ಲಿಸಿದವು, ಸರಕು ಬೇಡವೆಂದವು. ನೂರು ಕೋಟಿ ಡಾಲರ್‌ಗೂ ಮೀರಿದ ನಷ್ಟ. ಕಾಯಿಲೆಗಿಂತ ಅದರ ಸುದ್ದಿಯೇ ದುಬಾರಿಯಾಯಿತು.

ಇಲ್ಲಿ ಒಂದು ಒಳ್ಳೆಯ ತಿರುವೂ ಇದೆ. ಮರುವರ್ಷ ಸೂರತ್ ಪಾಲಿಕೆ ಆಯುಕ್ತರಾಗಿ ಎಸ್.ಆರ್. ರಾವ್ ಬಂದರು. ಅಧಿಕಾರವನ್ನು ವಲಯಗಳಿಗೆ ಹಂಚಿದರು, ಅಧಿಕಾರಿಗಳು ದಿನಾ ಬೀದಿಗೆ ಇಳಿಯಲೇಬೇಕು ಎಂದರು. ಕೊಳಕಿಗೆ ಹೆಸರಾಗಿದ್ದ ಊರು ಎರಡು ವರ್ಷದೊಳಗೆ ದೇಶದ ಸ್ವಚ್ಛ ನಗರಗಳ ಪಟ್ಟಿಗೆ ಬಂತು. ಇಂದಿಗೂ ಅಲ್ಲೇ ಇದೆ. ಕೇಂದ್ರ ಸರ್ಕಾರ ಸಾಂಕ್ರಾಮಿಕಗಳ ಕಣ್ಗಾವಲು ಯೋಜನೆ ಶುರು ಮಾಡಿತು. ಅದೇ 2004ರಲ್ಲಿ ಎಲ್ಲ ಜಿಲ್ಲೆಗಳಿಂದ ವಾರವಾರ ವರದಿ ತರಿಸುವ ಐಡಿಎಸ್‌ಪಿ ಆಗಿ ಬೆಳೆಯಿತು. ಹೆದರಿಕೆ ಬಿಟ್ಟು ಹೋದದ್ದರಲ್ಲಿ ಉಳಿದು ಬಾಳಿಕೆ ಬಂದದ್ದು ಇವೆರಡು. ಎರಡಕ್ಕೂ ಪ್ಲೇಗ್ ಎಂಬ ಹೆಸರಿನ ಹಂಗಿಲ್ಲ. ಅಂದ ಹಾಗೆ, ಪ್ಲೇಗ್ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಘಟಕವೊಂದು ಬೆಂಗಳೂರಿನಲ್ಲೇ ಇದೆ. ಕೋಲಾರ, ಆಂಧ್ರ, ತಮಿಳುನಾಡು ಸೇರುವ ಸೀಮೆಯ ಇಲಿ ಹೆಗ್ಗಣಗಳಲ್ಲಿ ಆ ಸೋಂಕಿನ ಗುರುತು ಇದೆಯಾ ಎಂದು ನೋಡುವುದು ಅವರ ಕೆಲಸ. ಇಂಥ ಕೆಲಸ ಸುದ್ದಿಯಾಗುವುದಿಲ್ಲ. ಹಣ ಕಡಿತಗೊಂಡರೂ ಸುದ್ದಿಯಾಗುವುದಿಲ್ಲ.

ಸುದ್ದಿ ಕೊಟ್ಟವರಿಗೇ ಪೆಟ್ಟು ಬೀಳುವ ಕಥೆ ಸೂರತ್‌ಗೆ ಮುಗಿಯಲಿಲ್ಲ. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಒಮಿಕ್ರಾನ್ ಬಗ್ಗೆ ಜಗತ್ತಿಗೆ ತಿಳಿಸಿದರು. ಬಹುಮಾನವಾಗಿ ಸಿಕ್ಕಿದ್ದು ವಿಮಾನ ನಿಷೇಧ. ಇಂಡೋನೇಷ್ಯಾ 2007ರಲ್ಲಿ ಹಕ್ಕಿಜ್ವರದ ವೈರಸ್ ಮಾದರಿಗಳನ್ನು ಹಂಚಿಕೊಳ್ಳುವುದಿಲ್ಲ ಎಂದು ಕೂತಿತ್ತು. ನಮ್ಮ ರೋಗಿಗಳಿಂದ ತೆಗೆದ ವೈರಸ್ಸಿನಿಂದ ಶ್ರೀಮಂತ ದೇಶದ ಕಂಪನಿ ಲಸಿಕೆ ಮಾಡುತ್ತದೆ, ಆಮೇಲೆ ಅದು ನಮಗೇ ಸಿಗುವುದಿಲ್ಲ ಎಂಬುದು ಅವರ ಸಿಟ್ಟು. ಆ ಜಗಳದಿಂದ 2011ರಲ್ಲಿ ಫ್ಲೂ ವೈರಸ್‌ಗಳಿಗೆ ಮಾತ್ರ ಅನ್ವಯಿಸುವ ಒಂದು ಒಪ್ಪಂದ ಬಂತು. 2025ರ ಮೇನಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ ಮಹಾಮಾರಿ ಒಪ್ಪಂದದಲ್ಲೂ ಇದೇ ಭಾಗ, ಅಂದರೆ ಮಾದರಿ ಕೊಟ್ಟವರಿಗೆ ಏನು ಸಿಗಬೇಕು ಎಂಬುದನ್ನು ಆಮೇಲೆ ಬರೆಯೋಣ ಎಂದು ಬಾಕಿ ಇಟ್ಟರು. ನನ್ನ ಪ್ರಕಾರ ಇಡೀ ಒಪ್ಪಂದದ ಜೀವ ಇರುವುದೇ ಅಲ್ಲಿ.

ಹೇಳಿದವರಿಗೇ ನಷ್ಟ ಎಂಬ ಇದೇ ಲೆಕ್ಕ ನಮ್ಮ ಮನೆಬಾಗಿಲಲ್ಲೂ ನಡೆಯುತ್ತದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ತಡೆಯಲು ಬ್ರಿಟಿಷ್ ಸೈನಿಕರು ಮನೆಮನೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. ಜನ ರೋಗಿಗಳನ್ನು ಬಚ್ಚಿಟ್ಟರು. ಪ್ಲೇಗ್ ಅಧಿಕಾರಿ ರ್‍ಯಾಂಡ್ ಅದೇ ಜೂನ್‌ನಲ್ಲಿ ಗುಂಡೇಟು ತಿಂದು ಮುಂದೆ ಸತ್ತ. ಆ ವರ್ಷ ಮಾಡಿದ ಪುಟ್ಟ ಕಾನೂನನ್ನೇ 2020ರ ಮಾರ್ಚ್‌ನಲ್ಲಿ ಕರ್ನಾಟಕವೂ ಕೈಗೆತ್ತಿಕೊಂಡಿತು. ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ಮನೆಗೆ ಹಚ್ಚಿದ ನೋಟಿಸು, ಬೀದಿಗೆ ಕಟ್ಟಿದ ಬೇಲಿ, ಕೈಗೆ ಒತ್ತಿದ ಮುದ್ರೆ ನೆನಪಿಸಿಕೊಳ್ಳಿ. ಜ್ವರ ಬಂದರೆ ಹೇಳಬಾರದು ಎಂದು ಎಷ್ಟು ಮನೆಗಳಲ್ಲಿ ತೀರ್ಮಾನ ಆಗಿರಲಿಲ್ಲ!

ಮಲೆನಾಡಿನಲ್ಲಿ ಬೇರೆ ರೀತಿಯ ಅನುಭವವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬಂದ ಜನಕ್ಕೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದ ಆ ಕಾಯಿಲೆ ಏಷ್ಯಾಕ್ಕೆ ಎಂದೂ ಬಂದಿರಲಿಲ್ಲ. ಬಂದರೆ ಹರಡುವ ಸೊಳ್ಳೆ ಇಲ್ಲಿ ಬೇಕಾದಷ್ಟಿದೆ. ಹಾಗಾಗಿ ಅದು ಇಡೀ ಏಷ್ಯಾಕ್ಕೆ ಗಾಬರಿಯಾಗುವ ವಿಷಯ. ಹುಡುಕಿದಾಗ ಸಿಕ್ಕಿದ್ದು ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ, ಜಗತ್ತು ಅದುವರೆಗೆ ಕಾಣದ ವೈರಸ್. ಹಳದಿ ಜ್ವರದ ಹೆದರಿಕೆ ಸುಳ್ಳಾಯಿತು. ಆದರೆ ಆ ಹೆದರಿಕೆ ಇರದಿದ್ದರೆ ಯಾರೂ ಅಷ್ಟು ಬೇಗ ಕಾಡಿಗೆ ಬರುತ್ತಿರಲಿಲ್ಲ, ಮಂಗನ ಕಾಯಿಲೆಯ ವೈರಸ್ ಅಷ್ಟು ಬೇಗ ಸಿಗುತ್ತಲೂ ಇರಲಿಲ್ಲ.

ಇದರ ಇನ್ನೊಂದು ಮುಖ ಬೇಸರದ್ದು. ಜಗತ್ತಿಗೆ ಹರಡುವ ಭಯ ಹೋದ ಮೇಲೆ ಜಗತ್ತಿನ ಆಸಕ್ತಿಯೂ ಹೋಯಿತು. ಹಳೆಯ ವಿಧಾನದ ಲಸಿಕೆಯೊಂದನ್ನು 1990ರಿಂದ ಹಾಕಿದರು. ಅದು ಸರಿಯಾಗಿ ಕಾಪಾಡುತ್ತಿಲ್ಲ ಎಂದು ವರ್ಷಗಳಿಂದ ಗೊತ್ತಿತ್ತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾಲು ಸಾವಾದವು. ಕೊನೆಗೆ 2022ರಲ್ಲಿ ಹಳೆಯ ಲಸಿಕೆ ನಿಲ್ಲಿಸಿದರು. ಹೊಸದರ ಕೆಲಸ ಶುರುವಾದದ್ದು ಆಮೇಲೆ. ಈ ನಡುವೆ ಅಲ್ಲಿನ ಜನರೇ ಕಣ್ಗಾವಲು. ಕಾಡಿನಂಚಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ಹೇಳುತ್ತಾರೆ, ಸುತ್ತ ಔಷಧಿ ಪುಡಿ ಹಾಕುತ್ತಾರೆ, ಆ ಜಾಗಕ್ಕೆ ಹೋಗಬೇಡಿ ಎಂದು ಆಶಾ ಕಾರ್ಯಕರ್ತೆಯರು ತಿರುಗಿ ಹೇಳುತ್ತಾರೆ. ಇಲ್ಲಿ ಹೇಳಿದವರಿಗೆ ಏನೂ ನಷ್ಟವಿಲ್ಲ. ಅದಕ್ಕೇ ಹೇಳುತ್ತಾರೆ.

ಬಾವಲಿಗಳಿಂದ ಬರುವ ಕೇರಳದ ನಿಫಾ ಕೂಡ ಇದೇ ಸಾಲಿನದು. ಮಲೇಷ್ಯಾದಲ್ಲಿ 1998-99ರಲ್ಲಿ ಅದು ಮೊದಲು ಕಂಡಾಗ ಜಪಾನಿ ಮಿದುಳು ಜ್ವರ ಎಂದುಕೊಂಡು ತಿಂಗಳುಗಟ್ಟಲೆ ಸೊಳ್ಳೆ ಹೊಡೆದರು. ನೂರಕ್ಕೂ ಹೆಚ್ಚು ಜನ ಸತ್ತರು. 2001ರಲ್ಲಿ ಸಿಲಿಗುರಿಯಲ್ಲಿ ಆಸ್ಪತ್ರೆಗಳ ಒಳಗೇ ಹರಡಿ 45 ಜನ ಹೋದರು. ಯಾವ ಕಾಯಿಲೆ ಎಂದು ಆಗ ತಿಳಿಯಲೇ ಇಲ್ಲ, ವರ್ಷಗಳ ನಂತರ ಇಟ್ಟಿದ್ದ ಮಾದರಿಗಳಿಂದ ಗೊತ್ತಾಯಿತು. 2018ರ ಮೇನಲ್ಲಿ ಕೋಯಿಕ್ಕೋಡ್‌ನ ಪೇರಾಂಬ್ರದಲ್ಲಿ ಒಂದೇ ಮನೆಯವರು ಸಾಯತೊಡಗಿದಾಗ ವೈದ್ಯರಿಗೆ ಬೇಗ ಅನುಮಾನ ಬಂತು. ಮಾದರಿ ಬಂದದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ನಿಫಾ ಎಂದು ಗುರುತಿಸಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಅದೇ ದಿನಗಳಲ್ಲಿ ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿ ತೀರಿಕೊಂಡರು. ಆ ವರ್ಷ ಕಾಯಿಲೆ ಖಚಿತವಾದ 18 ಜನರಲ್ಲಿ ಉಳಿದದ್ದು ಇಬ್ಬರು. 2019ರಲ್ಲಿ ಮತ್ತೆ ಬಂದಾಗ ಒಬ್ಬನಿಗೆ ಮಾತ್ರ ಬಂತು, ಆತ ಬದುಕಿದ. 2023ರಲ್ಲಿ ಆರು ಜನಕ್ಕೆ ಬಂದು ಇಬ್ಬರು ಸತ್ತರು. ಬಾವಲಿಗಳು ಅಲ್ಲೇ ಇವೆ, ವೈರಸ್ಸೂ ಅಲ್ಲೇ ಇದೆ. ಬದಲಾದದ್ದು ವಾರ್ಡಿನ ಬಾಗಿಲಲ್ಲಿ ನಡೆಯುವ ಕೆಲಸ: ಜ್ವರದ ಜೊತೆ ಗೊಂದಲದ ಮಾತಾಡುವ ರೋಗಿಯನ್ನು ಯಾರು ಮುಟ್ಟಬೇಕು, ಏನು ತೊಟ್ಟು ಮುಟ್ಟಬೇಕು, ಯಾರಿಗೆ ಫೋನ್ ಮಾಡಬೇಕು.

ಹಾಗಾದರೆ ಈಗ ಕಾಡುತ್ತಿರುವ ಹಕ್ಕಿಜ್ವರ? 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನಕ್ಕೆ ಬಂದು 6 ಜನ ಸತ್ತಾಗ ಅಲ್ಲಿ ಸುಮಾರು 15 ಲಕ್ಷ ಕೋಳಿಗಳನ್ನು ಕೊಂದು ತಡೆದರು. ಅಲ್ಲಿಂದ ಈ ಎಚ್5ಎನ್1 ಪ್ರತಿ ಕೆಲವು ವರ್ಷಕ್ಕೊಮ್ಮೆ ‘ಈಗ ಬಂತು’ ಎನ್ನಿಸಿ ಹೋಗುತ್ತಿದೆ. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಿಗೂ ಬಂತು. ಇದು ಯಾರೂ ಊಹಿಸದ ದಾರಿ. ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವುದನ್ನು ಅದು ಇನ್ನೂ ಕಲಿತಿಲ್ಲ. ಕಲಿಯದೇ ಹೋಗಬಹುದು, ನಾಳೆಯೇ ಕಲಿಯಬಹುದು. ನಮ್ಮಲ್ಲೂ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ ಕಂಡಿತ್ತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿಗೆ ಬಂತು, ಕೋವಿಡ್ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಬಂತು.

ಸೋಂಕು ಕಂಡರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಎಲ್ಲ ಕೋಳಿಗಳನ್ನು ಕೊಲ್ಲಬೇಕು, ಹತ್ತು ಕಿಲೋಮೀಟರ್‌ವರೆಗೆ ಕಣ್ಣಿಡಬೇಕು ಎಂಬ ನಿಯಮವಿದೆ. ಕೊಂದ ಕೋಳಿಗೆ ಪರಿಹಾರ ಉಂಟು. ಸೋಂಕಿನಿಂದ ತಾನಾಗಿ ಸತ್ತದ್ದಕ್ಕೆ ಇಲ್ಲ. ಹಿತ್ತಲಲ್ಲಿ ಹತ್ತು ನಾಟಿ ಕೋಳಿ ಸಾಕುವ ಹೆಂಗಸಿನ ಜಾಗದಲ್ಲಿ ನಿಂತು ನೋಡಿ. ಎರಡು ಕೋಳಿ ಸತ್ತವು. ಹೇಳಿದರೆ ಉಳಿದ ಎಂಟೂ ಹೋಗುತ್ತವೆ, ಅಕ್ಕಪಕ್ಕದವರ ಕೋಳಿಯೂ ಹೋಗುತ್ತವೆ, ಅವರು ಇವಳ ಜೊತೆ ಮಾತು ಬಿಡುತ್ತಾರೆ. ದುಡ್ಡು ಯಾವಾಗ ಬರುತ್ತದೋ ಗೊತ್ತಿಲ್ಲ. ಹೇಳದಿದ್ದರೆ ಸತ್ತದ್ದನ್ನು ತಿಪ್ಪೆಗೆ ಎಸೆದು, ಉಳಿದವನ್ನು ಸಂತೆಗೆ ಒಯ್ದು ಮಾರಬಹುದು. ಅವಳು ಯಾವುದನ್ನು ಆರಿಸಿಕೊಳ್ಳುತ್ತಾಳೆ ಎಂದು ಊಹಿಸಲು ವಿಜ್ಞಾನ ಬೇಡ.

2024ರಲ್ಲಿ ನೀತಿ ಆಯೋಗದ ತಜ್ಞರ ಗುಂಪು ಮುಂದಿನ ಮಹಾಮಾರಿಯ ಮೊದಲ ನೂರು ದಿನ ಹೇಗಿರಬೇಕು ಎಂದು ವರದಿ ಕೊಟ್ಟಿದೆ. ಹೊಸ ಕಾನೂನು, ವಿಶೇಷ ನಿಧಿ, ಪ್ರಯೋಗಾಲಯಗಳ ಜಾಲ ಎಲ್ಲ ಅದರಲ್ಲಿದೆ. ಬೇಕಾದವೇ. ಆದರೆ ನೂರು ದಿನದ ಎಣಿಕೆ ಶುರುವಾಗುವುದು ಯಾರೋ ಒಬ್ಬರು ಮೊದಲ ಫೋನ್ ಮಾಡಿದ ದಿನದಿಂದ. ಆ ಫೋನ್ ಬರಬೇಕಾದರೆ ಕೆಲವು ವಿಷಯಗಳನ್ನು ಕಾಯಿಲೆ ಇಲ್ಲದಾಗಲೇ ಬರೆದಿಡಬೇಕು: ಕೋಳಿಯ ಪರಿಹಾರ ವಾರದೊಳಗೆ ಖಾತೆಗೆ ಬರಬೇಕು, ತಾವಾಗಿ ಹೇಳಿದವರಿಗೆ ಸತ್ತ ಕೋಳಿಗೂ ಸಿಗಬೇಕು. ಎಚ್ಚರಿಕೆ ಕೊಟ್ಟ ಜಿಲ್ಲಾ ಆರೋಗ್ಯಾಧಿಕಾರಿಯ ಅನುಮಾನ ಸುಳ್ಳಾದರೆ ಅವರಿಗೆ ನೋಟಿಸು ಹೋಗಬಾರದು. ಪ್ರತಿ ಕ್ರಮದ ಪಕ್ಕದಲ್ಲಿ ಅದನ್ನು ಮತ್ತೆ ಪರಿಶೀಲಿಸುವ ತಾರೀಖು ಇರಬೇಕು. 2021ರ ಮೇನಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೇ ಆದ ಸಾವುಗಳ ನಂತರ ಆಸ್ಪತ್ರೆಗಳಿಗೆ ಆಮ್ಲಜನಕ ಘಟಕಗಳು ಬಂದವಲ್ಲ, ಅವನ್ನು ನೋಡಿಕೊಳ್ಳುವ ತಂತ್ರಜ್ಞನ ಸಂಬಳ ಪ್ರತಿ ವರ್ಷದ ಬಜೆಟ್ಟಿನಲ್ಲಿ ಇರಬೇಕು, ಆ ವರ್ಷ ಯಾರಿಗೂ ಉಸಿರು ಕಟ್ಟದಿದ್ದರೂ.